ಬಲಶಾಲಿ ತಂಡ ಸೋಲುವುದೇಕೆ?

ಕಮ್ಮನಹಳ್ಳಿಯ ನಿವಾಸಿಗಳಾದ ನಾವು ಬ್ಯಾಸ್ಕೆಟ್‌ಬಾಲ್ ಪಂಡಿತರೇನೂ ಅಲ್ಲ. ನೆರೆಯ ಎರಡು ಕಾಲೇಜುಗಳ ನಡುವೆ ಪಂದ್ಯವಿದೆಯೆಂದು ತಿಳಿದಾಗ, ಬಿಡುವಿದ್ದರೆ ಹೋಗಿ ನೋಡಿ ಬರುವವರು. ಇಂತಹ ಪಂದ್ಯಗಳಲ್ಲಿ ವರ್ಷವೆಲ್ಲ ಗೆದ್ದು ಬಂದ ತಂಡವು, ಯಾರೂ ಲೆಕ್ಕಕ್ಕಿಡದ ಎದುರಾಳಿಗೆ ಸೋತುಹೋಗುವುದುಂಟು. ಮರಳುವ ದಾರಿಯಲ್ಲಿ ಕಾಫಿಗೆ ನಿಂತವರೆಲ್ಲ ಕಾರಣ ಹುಡುಕತೊಡಗುತ್ತಾರೆ. ‘ಅಹಂಕಾರ’ ಎಂದು ಕೆಲವರು, ‘ತರಬೇತುದಾರನ ತಪ್ಪು’ ಎಂದು ಕೆಲವರು. ಕೊನೆಯ ಎಸೆತ ತಪ್ಪಿದ ಹುಡುಗನಂತೂ ತಲೆ ತಗ್ಗಿಸಿ ನಡೆಯುತ್ತಾನೆ. ಈ ತೀರ್ಪು ನ್ಯಾಯವಾದುದೆ? ಗಣಿತಶಾಸ್ತ್ರವು ಏನು ಹೇಳುತ್ತದೆಂಬುದನ್ನು ನೋಡೋಣ.

ಬುಟ್ಟಿಯ ಬಳೆಯು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ. ಅದರ ಒಳವ್ಯಾಸ ಸುಮಾರು 45 ಸೆಂಟಿಮೀಟರ್, ಚೆಂಡಿನ ವ್ಯಾಸ ಸುಮಾರು 24. ಓಡುತ್ತ, ಎದುರಾಳಿಯ ಚಾಚಿದ ಕೈಗಳನ್ನು ತಪ್ಪಿಸುತ್ತ ಎಸೆದ ಚೆಂಡು ಕೂದಲೆಳೆಯಷ್ಟು ಓರೆಯಾದರೂ ಬಳೆಗೆ ಬಡಿದು ಹೊರಗೆ ಚಿಮ್ಮುತ್ತದೆ. ಆದುದರಿಂದ ನಿಪುಣರ ಎಸೆತಗಳಲ್ಲಿಯೂ ಅರ್ಧದಷ್ಟು ವ್ಯರ್ಥವಾಗುವುದು ಸಾಮಾನ್ಯ. ಒಂದೊಂದು ಎಸೆತವೂ ಒಂದು ನಾಣ್ಯದ ಚಿಮ್ಮುವಿಕೆಯಂತೆ; ಕೌಶಲವು ಆ ನಾಣ್ಯವನ್ನು ತುಸು ಒಂದು ಕಡೆಗೆ ವಾಲಿಸಬಲ್ಲುದೇ ಹೊರತು ಫಲವನ್ನು ನಿಶ್ಚಯಿಸಲಾರದು.

ಈಗ ಒಂದು ಸರಳ ಲೆಕ್ಕವನ್ನು ಮಾಡೋಣ. ಬಲವಾದ ತಂಡವು ನೂರು ಎಸೆತಗಳಲ್ಲಿ ಸರಾಸರಿ 45ನ್ನೂ, ದುರ್ಬಲ ತಂಡವು 40ನ್ನೂ ಬುಟ್ಟಿಗೆ ಹಾಕುತ್ತವೆಂದು ಇಟ್ಟುಕೊಳ್ಳಿ. ಪಂದ್ಯವೊಂದರಲ್ಲಿ ಎರಡೂ ತಂಡಗಳು 60 ಬಾರಿ ಎಸೆಯಲಿ. ಒಂದು ಎಸೆತಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಭಾವಿಸೋಣ. ಸರಾಸರಿಯಲ್ಲಿ ಒಂದಕ್ಕೆ 27 ಬುಟ್ಟಿ, ಇನ್ನೊಂದಕ್ಕೆ 24. ಅಂತರ ಮೂರೇ ಮೂರು! ಆದರೆ ಆಕಸ್ಮಿಕದಿಂದಲೇ ಈ ಅಂತರವು ಐದಾರು ಬುಟ್ಟಿಗಳಷ್ಟು ಅತ್ತಿತ್ತ ತೂಗಾಡುವುದು ಸಹಜ. ಲೆಕ್ಕ ಹಾಕಿದರೆ ದುರ್ಬಲ ತಂಡವು ಸುಮಾರು ನಾಲ್ಕು ಪಂದ್ಯಗಳಿಗೆ ಒಂದನ್ನು ಗೆಲ್ಲಬೇಕೆಂದಾಗುತ್ತದೆ. ಇಲ್ಲಿ ಯಾರ ಅಹಂಕಾರವೂ ಇಲ್ಲ, ಯಾರ ತಪ್ಪೂ ಇಲ್ಲ.

ಇವೇ ತಂಡಗಳು ಹತ್ತು ಪಂದ್ಯಗಳನ್ನಾಡಿ ಒಟ್ಟು ಅಂಕಗಳನ್ನು ಕೂಡಿಸಿದರೋ, ದುರ್ಬಲ ತಂಡವು ಮುಂದಿರುವ ಸಂಭವವು ನೂರಕ್ಕೆ ನಾಲ್ಕರಷ್ಟಕ್ಕೆ ಇಳಿಯುತ್ತದೆ. ಪ್ರಯೋಗಗಳು ಹೆಚ್ಚಿದಷ್ಟೂ ಆಕಸ್ಮಿಕದ ಕೈ ಕುಗ್ಗಿ ನಿಜವಾದ ಬಲವು ಬೆಳಕಿಗೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿಯು ಸಾಧಿಸಿ ತೋರಿಸಿದ, ಅವನ ಮರಣಾನಂತರ 1713ರಲ್ಲಿ ಪ್ರಕಟವಾದ ತತ್ತ್ವವೇ ಇದು.

ದೂರದ ಗೆರೆಯಾಚೆಯಿಂದ ಎಸೆಯುವ ಮೂರಂಕದ ಎಸೆತವು ಇನ್ನೊಂದು ಕೌತುಕವನ್ನು ತರುತ್ತದೆ. ಎರಡಂಕದ ಎಸೆತಗಳಲ್ಲಿ ಅರ್ಧ, ಮೂರಂಕದವುಗಳಲ್ಲಿ ಮೂರನೆಯ ಒಂದು ಭಾಗ ಸಫಲವಾದರೆ, ಸರಾಸರಿ ಗಳಿಕೆ ಎರಡರಲ್ಲಿಯೂ ಒಂದೇ: ಎಸೆತಕ್ಕೆ ಒಂದು ಅಂಕ. ಆದರೆ ಏರಿಳಿತ ಒಂದೇ ಅಲ್ಲ. ಮೂವತ್ತು ಎಸೆತಗಳಲ್ಲಿ ಮೊದಲನೆಯದರ ಗಳಿಕೆ ಸುಮಾರು ಐದೂವರೆ ಅಂಕ ಅತ್ತಿತ್ತ ಸರಿದರೆ, ಎರಡನೆಯದರದು ಸುಮಾರು ಏಳೂಮುಕ್ಕಾಲು ಸರಿಯುತ್ತದೆ. ದುರ್ಬಲರಿಗೆ ಏರಿಳಿತವೇ ಮಿತ್ರ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಅಮೆರಿಕದ ಕಾಲೇಜು ಪಂದ್ಯಾವಳಿಯಲ್ಲಿದೆ. ಅಲ್ಲಿ ಒಂದು ಸೋಲಿಗೇ ತಂಡವು ಹೊರಬೀಳುತ್ತದೆ. ಪುರುಷರ ವಿಭಾಗದಲ್ಲಿ 1985ರಿಂದ ಮೊದಲನೆಯ ಶ್ರೇಯಾಂಕದ ತಂಡಗಳು ಹದಿನಾರನೆಯ ಶ್ರೇಯಾಂಕದವನ್ನು ಸತತವಾಗಿ 135 ಬಾರಿ ಸೋಲಿಸಿದ್ದವು. 2018ರ ಮಾರ್ಚ್ 16ರಂದು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ತಂಡವು ವರ್ಜೀನಿಯಾವನ್ನು 74–54ರಿಂದ ಮಣಿಸಿತು. ಗೆದ್ದವರು 24 ಮೂರಂಕದ ಎಸೆತಗಳಲ್ಲಿ 12ನ್ನು ಸಾಧಿಸಿದರು. ಸೋತವರು 22ರಲ್ಲಿ ನಾಲ್ಕನ್ನು ಮಾತ್ರ. ಈ ಎಂಟು ಎಸೆತಗಳ ಬೆಲೆ 24 ಅಂಕ. ಪಂದ್ಯದ ಅಂತರವೋ 20! ವರ್ಜೀನಿಯಾದ ಮುಖ್ಯ ಆಟಗಾರನೊಬ್ಬನು ಗಾಯದಿಂದ ಹೊರಗುಳಿದಿದ್ದನೆಂಬುದೂ ನಿಜ. ಆಕಸ್ಮಿಕವೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಆ ರಾತ್ರಿ ನಗೆಪಾಟಲಿಗೀಡಾದ ಅದೇ ತಂಡ, ಅದೇ ತರಬೇತುದಾರ, ಮರುವರ್ಷ 2019ರಲ್ಲಿ ರಾಷ್ಟ್ರದ ಚಾಂಪಿಯನ್ ಆದರು.

ಅಷ್ಟು ದೂರವೇಕೆ? ನಮ್ಮ ಊರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ನಡೆದ ಏಷ್ಯಾ ಮಹಿಳಾ ಕಪ್‌ನ ಎರಡನೆಯ ದರ್ಜೆಯ ಅಂತಿಮ ಪಂದ್ಯದಲ್ಲಿ ಭಾರತವು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ದರ್ಜೆಗೇರಿತು. ಎರಡಂಕದ ಒಂದೇ ಒಂದು ಬುಟ್ಟಿಯ ಅಂತರ! ಅದೇ ಕ್ರೀಡಾಂಗಣದಲ್ಲಿ 2019ರಲ್ಲಿ ಮೇಲಿನ ದರ್ಜೆಯ ಎಂಟು ತಂಡಗಳೊಡನೆ ಆಡಿದಾಗ ಭಾರತಕ್ಕೆ ದೊರೆತುದು ಎಂಟನೆಯ ಸ್ಥಾನ. ಒಂದು ಗೆಲುವು ಆನಂದಕ್ಕೆ ಸಾಕು. ಬಲವನ್ನು ಅಳೆಯಲು ಸಾಲದು.

ಈ ಮಾತು ಆಟಕ್ಕಷ್ಟೇ ಸೀಮಿತವಲ್ಲ. ಒಂದು ದಿನದ ಆಯ್ಕೆಯಲ್ಲಿ ಆಟಗಾರನನ್ನೂ, ಒಂದು ಪರೀಕ್ಷೆಯಲ್ಲಿ ವಿದ್ಯಾರ್ಥಿಯನ್ನೂ ತೂಗಿ ಬಿಸುಡುವ ನಾವು, ಒಂದೇ ನಾಣ್ಯವನ್ನು ಚಿಮ್ಮಿ ತೀರ್ಪು ಕೊಡುತ್ತಿಲ್ಲವೆ? ಮುಂದಿನ ಬಾರಿ ಮೆಚ್ಚಿನ ತಂಡವು ಸೋತಾಗ ವಾಚಕರು ಧಾರಾಳವಾಗಿ ದುಃಖಿಸಲಿ. ಆದರೆ ತಲೆ ತಗ್ಗಿಸಿ ಹೋಗುವ ಆ ಹುಡುಗನ ಬೆನ್ನು ತಟ್ಟಿ, ‘ನಾಳೆ ಮತ್ತೆ ಎಸೆ’ ಎನ್ನಲಿ. ಲೆಕ್ಕವೂ ಅದನ್ನೇ ಹೇಳುತ್ತದೆ.