ನೇಲ್ ಸಲೂನಿನ ದರಪಟ್ಟಿ: ಮುದ್ರಣಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಸರಕು ಮಾರುವ ಅಂಗಡಿಯಲ್ಲಿ ಗ್ರಾಹಕರು ವಸ್ತುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ ಬೆಲೆ ಕೇಳುತ್ತಾರೆ. ಸೇವೆ ಮಾರುವ ಉದ್ದಿಮೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಮೊದಲು ಕೈಗೆ ಸಿಗುವುದು ದರಪಟ್ಟಿ. ಬ್ಯೂಟಿ ಪಾರ್ಲರುಗಳ ಒಂದು ವಿಭಾಗವಾಗಿಯೂ ಸ್ವತಂತ್ರ ಮಳಿಗೆಯಾಗಿಯೂ ನಡೆಯುವ ನೇಲ್ ಸಲೂನುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಪಟ್ಟಿಯಲ್ಲಿ ಜೆಲ್ ಪಾಲಿಷ್‌ಗೆ 400 ರೂಪಾಯಿ ಎಂದು ಓದಿ ಕುಳಿತ ಗ್ರಾಹಕರಿಗೆ ಕೊನೆಯಲ್ಲಿ 630 ರೂಪಾಯಿಯ ಬಿಲ್ಲು ಬರುತ್ತದೆಂದು ಭಾವಿಸೋಣ. ಹಳೆಯ ಜೆಲ್ ತೆಗೆದುದಕ್ಕೆ 150, ಎರಡು ಉಗುರುಗಳ ಚಿತ್ತಾರಕ್ಕೆ 50, ತೆರಿಗೆ 30. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಪಟ್ಟಿಯಲ್ಲಿ ಇವುಗಳ ಸುಳಿವಿರಲಿಲ್ಲ. ಗ್ರಾಹಕರು ಹಣ ತೆತ್ತು ಹೋಗುತ್ತಾರೆ, ಮರಳಿ ಬರುವುದಿಲ್ಲ. ಜೆಲ್ ಪಾಲಿಷ್ ಸಾಮಾನ್ಯವಾಗಿ ಎರಡು ಮೂರು ವಾರ ಬಾಳುವುದರಿಂದ, ಮರಳಿ ಬರುವ ಗ್ರಾಹಕರೇ ಈ ಉದ್ದಿಮೆಯ ಜೀವಾಳ.

ದರ ನಿಗದಿ

ಪಕ್ಕದ ಮಳಿಗೆಯ ದರವನ್ನು ನೋಡಿ ತಮ್ಮ ದರ ಬರೆಯುವುದು ರೂಢಿ. ಇದರ ಬದಲು ನಿಮಿಷದ ವೆಚ್ಚವನ್ನು ಕಂಡುಕೊಳ್ಳುವುದು ಕ್ಷೇಮಕರ. ಉದಾಹರಣೆಗೆ, ಎರಡು ಆಸನಗಳ ಮಳಿಗೆಯೊಂದರ ತಿಂಗಳ ಬಾಡಿಗೆ, ಸಂಬಳ, ವಿದ್ಯುತ್ ಇತ್ಯಾದಿ ಒಟ್ಟು 78,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 26 ದಿನ, ದಿನಕ್ಕೆ ಪ್ರತಿ ಆಸನದಲ್ಲಿ 5 ಗಂಟೆ ಕೆಲಸ ನಡೆದರೆ ಒಟ್ಟು 15,600 ನಿಮಿಷ. ಅಂದರೆ ನಿಮಿಷಕ್ಕೆ 5 ರೂಪಾಯಿ. ಜೆಲ್ ಪಾಲಿಷ್‌ಗೆ 50 ನಿಮಿಷ ಹಿಡಿದರೆ 250, ಸಾಮಗ್ರಿ 80, ಒಟ್ಟು ವೆಚ್ಚ 330. ದರ 400 ಇದ್ದರೆ ಉಳಿಯುವುದು 70 ರೂಪಾಯಿ. ಹಳೆಯ ಜೆಲ್ಲನ್ನು ಉಚಿತವಾಗಿ ತೆಗೆದುಕೊಟ್ಟು 20 ನಿಮಿಷ ಕಳೆದರೆ 100 ರೂಪಾಯಿ ಹೋಗಿ, ಲಾಭದ ಜಾಗದಲ್ಲಿ 30 ರೂಪಾಯಿ ನಷ್ಟ ನಿಲ್ಲುತ್ತದೆ. ಪಟ್ಟಿಯಲ್ಲಿ ಬರೆಯದ ಸೇವೆಯನ್ನು ಒಂದೋ ಗ್ರಾಹಕರು ಅಸಮಾಧಾನದಿಂದ ಭರಿಸುತ್ತಾರೆ, ಇಲ್ಲವೇ ಮಾಲೀಕರು ಮೌನವಾಗಿ ಭರಿಸುತ್ತಾರೆ.

ಪಟ್ಟಿಯಲ್ಲಿ ಇರಬೇಕಾದುವು

ಸೇವೆಗಳನ್ನು ಮೂರು ನಾಲ್ಕು ಗುಂಪುಗಳಾಗಿ ವಿಂಗಡಿಸಬೇಕು: ಮ್ಯಾನಿಕ್ಯೂರ್ ಮತ್ತು ಪೆಡಿಕ್ಯೂರ್, ಪಾಲಿಷ್, ಎಕ್ಸ್‌ಟೆನ್ಷನ್, ಚಿತ್ತಾರ. ಪ್ರತಿ ಸೇವೆಯ ಎದುರು ಮೂರು ವಿವರಗಳಿರಲಿ: ಏನೇನು ಸೇರಿದೆ, ಎಷ್ಟು ನಿಮಿಷ ಹಿಡಿಯುತ್ತದೆ, ದರವೆಷ್ಟು. ಚಿತ್ತಾರದ ದರ ಒಂದು ಉಗುರಿಗೋ ಹತ್ತು ಉಗುರುಗಳಿಗೋ ಎಂಬುದು ಸ್ಪಷ್ಟವಿರಬೇಕು. ಹಳೆಯದನ್ನು ತೆಗೆಯುವುದು, ರೀಫಿಲ್, ಒಡೆದ ಉಗುರಿನ ದುರಸ್ತಿ ಇವುಗಳಿಗೆ ಪ್ರತ್ಯೇಕ ಸಾಲು ಬೇಕು. ‘400ರಿಂದ ಆರಂಭ’ ಎಂದು ಬರೆಯುವುದಾದರೆ ಗರಿಷ್ಠ ದರವನ್ನೂ ಬರೆಯುವುದು ನ್ಯಾಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಒಪ್ಪಿತ ದರಕ್ಕಿಂತ ಹೆಚ್ಚು ವಸೂಲು ಮಾಡಿದರೆ ಗ್ರಾಹಕರು ದೂರು ಸಲ್ಲಿಸಬಹುದೆಂಬುದನ್ನು ಮರೆಯಬಾರದು.

ತೆರಿಗೆಯ ನಮೂದು

2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಸೇವೆಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಜೊತೆಗೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವೂ ಇಲ್ಲವಾಗಿದೆ. ಆದ್ದರಿಂದ ಪಾಲಿಷ್, ದೀಪ, ಉಪಕರಣಗಳ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ವೆಚ್ಚವೆಂದೇ ಲೆಕ್ಕ ಹಿಡಿಯಬೇಕು. ನೋಂದಾಯಿತ ಮಳಿಗೆಯು 400 ರೂಪಾಯಿಯನ್ನು ‘ತೆರಿಗೆ ಸೇರಿ’ ಎಂದು ಮುದ್ರಿಸಿದರೆ ಅದರಲ್ಲಿ ಸುಮಾರು 19 ರೂಪಾಯಿ ತೆರಿಗೆಗೆ ಹೋಗುತ್ತದೆ. ಪೂರ್ತಿ 400 ಕೈಗೆ ಬರಬೇಕಾದರೆ 420 ಎಂದು ಮುದ್ರಿಸಬೇಕು. ಗ್ರಾಹಕರಿಗೆ ಒಂದೇ ಅಂತಿಮ ಮೊತ್ತ ಕಾಣುವುದು ಲೇಸು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದು ನೋಂದಣಿ ಪಡೆಯದ ಮಳಿಗೆಯವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ.

ಭಾಷೆ ಮತ್ತು ಅಕ್ಷರ

ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲೂ ಮುದ್ರಿಸುವುದು ಉಪಯುಕ್ತ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಇಂಗ್ಲಿಷಿನ ಅಳತೆಯಲ್ಲೇ ಜೋಡಿಸಿದರೆ ಒತ್ತುಗಳು ಮುಂದಿನ ಸಾಲಿಗೆ ತಾಗುತ್ತವೆ. ಅಕ್ಷರದ ಗಾತ್ರ 11 ಪಾಯಿಂಟಿಗಿಂತ ಕಡಿಮೆಯಾಗದಿದ್ದರೆ ಹಿರಿಯರೂ ಓದಬಲ್ಲರು. ಮುದ್ರಣಾಲಯದ ಗಣಕದಲ್ಲಿ ಅದೇ ಅಕ್ಷರವಿನ್ಯಾಸ ಇಲ್ಲದಿದ್ದರೆ ಕನ್ನಡ ಅಕ್ಷರಗಳು ಚೆದುರುತ್ತವೆ. ಆದುದರಿಂದ ಅಕ್ಷರಗಳನ್ನು ಅಡಕಗೊಳಿಸಿದ ಪಿ.ಡಿ.ಎಫ್. ಕಡತವನ್ನೇ ಕೊಡಬೇಕು. ರೂಪಾಯಿಯ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ವಿನ್ಯಾಸಗಳಲ್ಲಿ ಅದು ಇಲ್ಲದಿರುವುದರಿಂದ ‘ರೂ.’ ಎಂದು ಬರೆಯಬಹುದು.

ಕಾಗದ ಮತ್ತು ಮುದ್ರಣ

ಮೇಜಿನ ಮೇಲಿಡುವ ಪಟ್ಟಿಗೆ ಎ5 ಅಳತೆ, ಅಂದರೆ 148 ಮತ್ತು 210 ಮಿಲಿಮೀಟರ್, ಸಾಕು, 300 ಜಿ.ಎಸ್.ಎಂ. ಆರ್ಟ್ ಕಾರ್ಡ್ ಬಾಳಿಕೆ ಬರುತ್ತದೆ. ಪಾಲಿಷ್ ತೆಗೆಯುವ ಅಸಿಟೋನ್ ಲೇಸರ್ ಮುದ್ರಣದ ಟೋನರನ್ನೂ ಕರಗಿಸುತ್ತದೆ. ಒದ್ದೆ ಬೆರಳು ತಾಗಿದೊಡನೆ ದರ ಅಳಿಸಿಹೋಗದಂತೆ ಎರಡೂ ಬದಿಗೆ ಲ್ಯಾಮಿನೇಷನ್ ಅವಶ್ಯ. ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಣ್ಣ ಬಿಡಬೇಕು. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಪ್ರತಿಗಳೆಷ್ಟಿದ್ದರೂ ಒಂದೇ. ಕೆಲವೇ ಪ್ರತಿಗಳಿಗೆ ಡಿಜಿಟಲ್ ಮುದ್ರಣ ಅಗ್ಗ. ದರ ಬದಲಾದಾಗ ಹಳೆಯ ಪಟ್ಟಿಯ ಮೇಲೆ ಚೀಟಿ ಅಂಟಿಸುವ ಪ್ರಸಂಗ ಬಾರದಿರಲು, ಆರು ತಿಂಗಳಿಗೆ ಸಾಲುವಷ್ಟನ್ನೇ ಮುದ್ರಿಸಿ, ದರ ಜಾರಿಯಾದ ದಿನಾಂಕವನ್ನು ಕೆಳಗೆ ನಮೂದಿಸಬೇಕು.

ಮುದ್ರಣಕ್ಕೆ ಕಳುಹಿಸುವ ಮುನ್ನ ಮಳಿಗೆಗೆ ಹೊಸಬರಾದ ಒಬ್ಬರ ಕೈಗೆ ಕರಡನ್ನು ಕೊಟ್ಟು, ಒಂದು ಸೇವೆ ಆರಿಸಿ ಎಷ್ಟು ಹಣ ಕೊಡಬೇಕಾಗುವುದೆಂದು ಕೇಳುವುದು ಉತ್ತಮ ಪರೀಕ್ಷೆ. ಅವರು ಹೇಳಿದ ಮೊತ್ತ ಮತ್ತು ಮಾಲೀಕರು ಬರೆಯುವ ಬಿಲ್ಲಿನ ಮೊತ್ತ ಒಂದೇ ಆದಾಗ ಪಟ್ಟಿ ಮುದ್ರಣಕ್ಕೆ ಸಿದ್ಧವಾಯಿತೆಂದು ತಿಳಿಯಬಹುದು.