ಕಾಗದದ ಮೇಲಿನ ಕಿರುಗುರುತು

ಪರೀಕ್ಷೆಯ ಅಂಕಗಳು ವಿದ್ಯಾರ್ಥಿಯು ಒಂದು ದಿನ ಬರೆದ ಉತ್ತರಗಳನ್ನು ಅಳೆಯುತ್ತವೆ. ಅವನ ಮುಂದಿನ ಬಾಳನ್ನು ಅಳೆಯುವ ಶಕ್ತಿ ಅವಕ್ಕೆ ಉಂಟೆ? ಹನ್ನೊಂದನೆಯ ವಯಸ್ಸಿನಲ್ಲಿ ಪರೀಕ್ಷೆಯೊಂದರಲ್ಲಿ ಅನುತ್ತೀರ್ಣಳಾಗಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅದುವರೆಗೆ ಯಾರೂ ಕಾಣದಿದ್ದ ಬಗೆಯ ತಾರೆಯನ್ನು ಗುರುತಿಸಿದ ಜೋಸೆಲಿನ್ ಬೆಲ್ ಬರ್ನೆಲ್‌ಳ ಜೀವನವು ಈ ಪ್ರಶ್ನೆಗೆ ಉತ್ತರವಾಗಿದೆ.

ಜೋಸೆಲಿನ್ ಬೆಲ್ 1943ನೆಯ ಇಸವಿ ಜುಲೈ 15ರಂದು ಉತ್ತರ ಐರ್ಲೆಂಡಿನಲ್ಲಿ ಜನಿಸಿದಳು. ಆಕೆಯ ತಂದೆ ಕಟ್ಟಡಗಳ ವಿನ್ಯಾಸಕಾರ; ಆರ್ಮಾ ನಗರದ ತಾರಾಲಯದ ವಿನ್ಯಾಸದಲ್ಲಿ ಅವನೂ ನೆರವಾಗಿದ್ದನು. ಮನೆಯಲ್ಲಿ ದೊರೆತ ಖಗೋಳಶಾಸ್ತ್ರದ ಪುಸ್ತಕಗಳನ್ನೋದಿ ಬಾಲಕಿಯು ಆಕಾಶಕ್ಕೆ ಮನಸೋತಳು. ಆದರೆ ಶಾಲೆಯ ಹಾದಿ ಸುಗಮವಾಗಿರಲಿಲ್ಲ. ಆ ಕಾಲದಲ್ಲಿ ಅಲ್ಲಿನ ಮಕ್ಕಳು ಹನ್ನೊಂದರ ಪ್ರಾಯದಲ್ಲಿ ಒಂದು ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಿದ್ದಿತು. ಅದರಲ್ಲಿ ಸೋತವರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಜೋಸೆಲಿನ್ ಅದರಲ್ಲಿ ಸೋತಳು. ಮೇಲಾಗಿ, ಆಕೆಯ ಶಾಲೆಯಲ್ಲಿ ವಿಜ್ಞಾನದ ಪಾಠ ಹುಡುಗರಿಗೆ, ಅಡುಗೆ ಹೊಲಿಗೆಗಳ ಪಾಠ ಹುಡುಗಿಯರಿಗೆ ಎಂಬ ಕಟ್ಟುಪಾಡು ಇದ್ದಿತು. ತಂದೆತಾಯಿಗಳು ಪ್ರತಿಭಟಿಸಿದ ಮೇಲೆಯೇ ಹುಡುಗಿಯರಿಗೆ ಪ್ರಯೋಗಶಾಲೆಯ ಪ್ರವೇಶ ದೊರೆಯಿತು. 1956ರಲ್ಲಿ ಅವರು ಮಗಳನ್ನು ಇಂಗ್ಲೆಂಡಿನ ಯಾರ್ಕ್ ನಗರದ ವಸತಿಶಾಲೆಗೆ ಕಳುಹಿಸಿದರು. ಅಲ್ಲಿನ ಭೌತವಿಜ್ಞಾನದ ಉಪಾಧ್ಯಾಯರು ಆಕೆಯಲ್ಲಿ ಹೊಸ ವಿಶ್ವಾಸವನ್ನು ತುಂಬಿದರು.

ಮುಂದೆ ಆಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿದಳು. ಭೌತವಿಜ್ಞಾನದ ಆನರ್ಸ್ ತರಗತಿಯಲ್ಲಿ ಆಕೆಯೊಬ್ಬಳೇ ಹೆಣ್ಣು. ಆಕೆ ಒಳಗೆ ಕಾಲಿಟ್ಟಾಗಲೆಲ್ಲ ಸಹಪಾಠಿಗಳು ಸಿಳ್ಳು ಹಾಕಿ, ನೆಲವನ್ನು ತುಳಿದು, ಮೇಜು ಬಡಿದು ಗದ್ದಲ ಮಾಡುತ್ತಿದ್ದರು. ಮುಖದಲ್ಲಿ ವಿಕಾರ ತೋರದೆ ಹೋಗಿ ಕುಳಿತುಕೊಳ್ಳುವುದನ್ನು ಆಕೆ ರೂಢಿಸಿಕೊಂಡಳು. 1965ರಲ್ಲಿ ಪದವಿ ದೊರೆಯಿತು. ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ ಈಡೇರಲಿಲ್ಲ. ದೊರೆಯಲಾರದೆಂದು ಭಾವಿಸಿಯೇ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಸಲ್ಲಿಸಿದಳು. ಅಲ್ಲಿ ಸ್ಥಾನ ದೊರೆಯಿತು!

ಸ್ಥಾನ ದೊರೆತರೂ ಧೈರ್ಯ ದೊರೆಯಲಿಲ್ಲ. ಸುತ್ತಲಿನವರೆಲ್ಲರೂ ತನಗಿಂತ ಜಾಣರು. ತನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ. ನಿಜ ತಿಳಿದೊಡನೆ ಹೊರಗೆ ಕಳುಹಿಸುವರು ಎಂಬ ಅಳುಕು ಆಕೆಯನ್ನು ಕಾಡಿತು. ಕಳುಹಿಸುವುದಾದರೆ ಕಳುಹಿಸಲಿ, ಅಲ್ಲಿಯವರೆಗೆ ಶಕ್ತಿಮೀರಿ ದುಡಿಯುವೆನು, ಆಗ ಪ್ರಯತ್ನಿಸಲಿಲ್ಲವೆಂಬ ಕೊರಗು ಉಳಿಯದು ಎಂದು ಆಕೆ ನಿಶ್ಚಯಿಸಿದಳು.

ಅತಿದೂರದ ಕ್ವೇಸಾರ್‌ಗಳನ್ನು ಹುಡುಕುವುದಕ್ಕಾಗಿ ಆಂಟನಿ ಹ್ಯೂಯಿಷ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ರೇಡಿಯೋ ದೂರದರ್ಶಕವೊಂದು ಸಿದ್ಧವಾಗಬೇಕಾಗಿದ್ದಿತು. ನಾಲ್ಕೂವರೆ ಎಕರೆ ನೆಲದಲ್ಲಿ ಸಾವಿರಕ್ಕೂ ಮಿಕ್ಕಿದ ಕಂಬಗಳನ್ನು ನೆಟ್ಟು, 120 ಮೈಲಿ ತಂತಿಯನ್ನು ಎಳೆದು ಕಟ್ಟುವ ಕೆಲಸದಲ್ಲಿ ಆಕೆಯೂ ಇತರರೊಡನೆ ಎರಡು ವರ್ಷ ದುಡಿದಳು. ಭಾರಿ ಸುತ್ತಿಗೆಯನ್ನೂ ಬೀಸಿದಳು. 1967ರ ಜುಲೈ ತಿಂಗಳಲ್ಲಿ ಯಂತ್ರ ಕೆಲಸವನ್ನಾರಂಭಿಸಿತು. ದಿನವೊಂದಕ್ಕೆ 96 ಅಡಿ ಕಾಗದದ ಮೇಲೆ ಲೇಖನಿಗಳು ಅಂಕುಡೊಂಕಿನ ಗೆರೆಗಳನ್ನೆಳೆಯುತ್ತಿದ್ದವು. ಅಷ್ಟನ್ನೂ ಕಣ್ಣಿನಿಂದಲೇ ಪರೀಕ್ಷಿಸುವ ಹೊಣೆ ಆಕೆಯದು.

ಕೆಲವು ವಾರಗಳ ಬಳಿಕ ಕಾಗದದ ಮೇಲೆ ಒಂದು ಅಂಗುಲವನ್ನೂ ಮೀರದ ವಿಚಿತ್ರ ಗುರುತೊಂದು ಕಂಡುಬಂದಿತು. ಅದು ಕ್ವೇಸಾರ್‌ನ ಗುರುತಿನಂತೆಯೂ ಇರಲಿಲ್ಲ, ಮನುಷ್ಯನ ಯಂತ್ರಗಳಿಂದಾಗುವ ಅಡಚಣೆಯಂತೆಯೂ ಇರಲಿಲ್ಲ. ಬೇರೆಯವರಾಗಿದ್ದರೆ ಕಡೆಗಣಿಸುತ್ತಿದ್ದರೇನೋ! ಹೊರಗೆ ಕಳುಹಿಸಿಯಾರೆಂಬ ಅಳುಕಿನಿಂದ ಪ್ರತಿಯೊಂದನ್ನೂ ಒರೆಗೆ ಹಚ್ಚುತ್ತಿದ್ದ ಜೋಸೆಲಿನ್ ಹಳೆಯ ಸುರುಳಿಗಳನ್ನು ಬಿಚ್ಚಿ ನೋಡಿದಳು. ಆಕಾಶದ ಅದೇ ಭಾಗದಿಂದ ಅದೇ ಗುರುತು ಹಿಂದೆಯೂ ಬಂದಿದ್ದಿತು. ಕಾಗದವನ್ನು ವೇಗವಾಗಿ ಓಡಿಸಿ ನೋಡಲು ನವೆಂಬರಿನಲ್ಲಿ ದಿನವೂ ವೀಕ್ಷಣಾಲಯಕ್ಕೆ ಹೋದಳು. ಬಹುದಿನ ಅದು ಕಾಣಿಸಲಿಲ್ಲ. ನವೆಂಬರ್ 28ರಂದು ಕಾಣಿಸಿತು: ಸುಮಾರು 1.33 ಸೆಕೆಂಡಿಗೊಮ್ಮೆ, ತಪ್ಪದ ಲಯದಲ್ಲಿ, ಮಿಡಿತದ ಮೇಲೆ ಮಿಡಿತ!

ಅನ್ಯಲೋಕದ ಜೀವಿಗಳ ಸಂಕೇತವಿರಬಹುದೆಂದು ಸಂಶೋಧಕರು ಅರೆ ವಿನೋದದಿಂದ ಊಹಿಸಿದರು. ಡಿಸೆಂಬರಿನಲ್ಲಿ ಆಕಾಶದ ಬೇರೊಂದು ಭಾಗದಲ್ಲಿ ಅಂಥದೇ ಮಿಡಿತವನ್ನು ಜೋಸೆಲಿನ್ ಕಂಡುದರಿಂದ ಆ ಊಹೆ ಬಿದ್ದುಹೋಯಿತು. ಭಾರಿ ನಕ್ಷತ್ರವು ಸಿಡಿದಾಗ ಅದರ ತಿರುಳು ಕುಸಿದು, ಸುಮಾರು 20 ಕಿಲೋಮೀಟರ್ ವ್ಯಾಸದ ನ್ಯೂಟ್ರಾನ್ ತಾರೆಯಾಗುತ್ತದೆ. ಅದು ವೇಗವಾಗಿ ತಿರುಗುವಾಗ ರೇಡಿಯೋ ಅಲೆಗಳ ದೂಲವು ಕಡಲತೀರದ ದೀಪಸ್ತಂಭದ ಬೆಳಕಿನಂತೆ ನಮ್ಮತ್ತ ಮತ್ತೆ ಮತ್ತೆ ಹಾಯುತ್ತದೆ. ಅಂತಹ ತಾರೆಗಳಿಗೆ ಪಲ್ಸಾರ್ ಎಂಬ ಹೆಸರು ಬಂದಿತು. 1968ರ ಫೆಬ್ರವರಿಯಲ್ಲಿ ಈ ಶೋಧ ಪ್ರಕಟವಾಯಿತು. ಅದೇ ವರ್ಷ ಆಕೆ ವಿವಾಹವಾಗಿ ಬೆಲ್ ಬರ್ನೆಲ್ ಆದಳು.

1974ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಗುರುತನ್ನು ಮೊದಲು ಕಂಡವಳಿಗೆ ಅದರಲ್ಲಿ ಪಾಲಿರಲಿಲ್ಲ. ಅನೇಕರು ಇದು ಅನ್ಯಾಯವೆಂದರು. ಆಕೆ ದೂರಲಿಲ್ಲ, ಕೆಲಸವನ್ನು ಬಿಡಲಿಲ್ಲ. ಮುಂದೆ, 2008ರಲ್ಲಿ, ಬ್ರಿಟನ್ನಿನ ಭೌತವಿಜ್ಞಾನ ಸಂಸ್ಥೆಗೆ ಅಧ್ಯಕ್ಷಳಾದ ಮೊದಲ ಮಹಿಳೆಯೆನಿಸಿದಳು.

2018ರಲ್ಲಿ ಆಕೆಗೆ 30 ಲಕ್ಷ ಡಾಲರುಗಳ ಬ್ರೇಕ್‌ಥ್ರೂ ಪ್ರಶಸ್ತಿ ದೊರೆಯಿತು. ಆಕೆ ಆ ಹಣವನ್ನೆಲ್ಲ ಅದೇ ಸಂಸ್ಥೆಗೆ ದಾನಮಾಡಿದಳು. ಭೌತವಿಜ್ಞಾನದಲ್ಲಿ ಸಂಶೋಧನೆಗೆ ಹೊರಟ ಮಹಿಳೆಯರು, ಅಲ್ಪಸಂಖ್ಯಾತರು, ನಿರಾಶ್ರಿತರು ಮುಂತಾದವರಿಗೆ ಆ ನಿಧಿಯಿಂದ ವಿದ್ಯಾರ್ಥಿವೇತನ ದೊರೆಯುತ್ತದೆ. ಸೋತ ಮಗಳನ್ನು ಬೇರೊಂದು ಶಾಲೆಗೆ ಕಳುಹಿಸುವ ಅನುಕೂಲ ಆಕೆಯ ತಂದೆತಾಯಿಗಳಿಗೆ ಇದ್ದಿತು. ಆ ಅನುಕೂಲವಿಲ್ಲದವರ ಗತಿಯೇನು? ಮೈಲಿಗಟ್ಟಲೆ ಕಾಗದದಲ್ಲಿ ಕಿರುಗುರುತೊಂದನ್ನು ಕಡೆಗಣಿಸದಿದ್ದ ಆಕೆ, ಅರ್ಜಿಗಳ ರಾಶಿಯಲ್ಲಿ ಅಂಥವರೂ ಕಡೆಗಣಿಸಲ್ಪಡಬಾರದೆಂದು ಬಯಸಿದಳು.