ಬಾಣಕ್ಕಿಂತ ಮೊದಲು ಅಕ್ಷರ ಕೂರಲಿ

ಆಟೋ ಚಾಲಕರ ಆ್ಯಪಿಗೆಂದು ನೀನು ಬರೆದು ಕಳಿಸಿದ ಬಟನ್‌ಗಳ ಚಿತ್ರ ನೋಡಿದೆ ಕಣಮ್ಮ. ಬಾಣದ ಆಕಾರ ಚೆನ್ನಾಗಿ ಬಂದಿದೆ, ಬಣ್ಣವೂ ಕಣ್ಣಿಗೆ ಹಿತವಾಗಿದೆ. ಆದರೆ ನೀನು ಮೊದಲು ಬಾಣ ಬರೆದು, ಆಮೇಲೆ ಅದರೊಳಗೆ ಕನ್ನಡ ತುರುಕಿದ್ದೀಯ. ಇನ್ನು ಮುಂದೆ ಅಕ್ಷರದಿಂದ ಶುರುಮಾಡು.

‘ನೆಕ್ಸ್ಟ್’ ಎಂಬುದು ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ನಮ್ಮ ‘ಮುಂದುವರಿಸಿ’ಗೆ ಅಷ್ಟು ಜಾಗ ಎಲ್ಲಿ ಸಾಲುತ್ತದೆ? ಅಗಲದ ಮಾತು ಬಿಡು, ‘ಒಪ್ಪಿಗೆ’ ಅಂತ ಬರೆದು ನೋಡು. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಇಂಗ್ಲಿಷಿಗೆ ಸರಿಹೋದ ಎತ್ತರದಲ್ಲಿ ಕೂರಿಸಿದರೆ ಆ ಒತ್ತು ಬಟನ್ನಿನ ಕೆಳಗೆರೆಗೆ ತಾಗುತ್ತದೆ. ಹಾಗಾಗಿ ನಿನ್ನ ಆ್ಯಪಿನಲ್ಲಿರುವ ಅತಿ ಉದ್ದದ ಪದವನ್ನೂ ಅತಿ ಎತ್ತರದ ಪದವನ್ನೂ ಮೊದಲು ಆರಿಸಿಕೋ. ಫೋನಿನ ಸೆಟ್ಟಿಂಗ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿ ಅಳೆ. ಬಟನ್ನಿನ ಎತ್ತರ ಎಷ್ಟಿರಬೇಕೆಂದು ಆ ಪದಗಳೇ ಹೇಳುತ್ತವೆ.

ಎತ್ತರ ಸಿಕ್ಕಮೇಲೆ ಬಾಣ ಸುಲಭ. ಎತ್ತರದ ಅರ್ಧದಷ್ಟು ತುದಿಯನ್ನು ಮುಂದಕ್ಕೆ ಚಾಚು, ಮೂತಿ ಸರಿಯಾಗಿ 90 ಡಿಗ್ರಿ ಆಗುತ್ತದೆ. ಅಗಲ 160, ಎತ್ತರ 48 ಅಂದುಕೋ. ಮೇಲ್ಗೆರೆ 136ರವರೆಗೆ ಹೋಗಲಿ, ಅಲ್ಲಿಂದ ಓರೆಯಾಗಿ 160ಕ್ಕೆ ಇಳಿಯಲಿ, ಮತ್ತೆ ಓರೆಯಾಗಿ ಕೆಳಗಿನ 136ಕ್ಕೆ ಬಂದು ಹಿಂದಕ್ಕೆ ತಿರುಗಲಿ. ಐದು ಬಿಂದು, ಅಷ್ಟೇ. ಇದನ್ನು ಚಿತ್ರವಾಗಿ ಉಳಿಸಬೇಡ, ಕೋಡಿನಲ್ಲಿ ಪಾತ್ ಆಗಿ ಬರೆ. ಮೂಲೆಗಳನ್ನು ಹಾಗೇ ಇಟ್ಟು ನಡುವನ್ನಷ್ಟೇ ಹಿಗ್ಗಿಸುವ ನೈನ್‌ಪ್ಯಾಚ್ ಚಿತ್ರ ಅಗಲಕ್ಕೆ ಹಿಗ್ಗಿದರೆ ಮೂತಿ ಕೆಡುವುದಿಲ್ಲ, ಎತ್ತರಕ್ಕೆ ಹಿಗ್ಗಿದರೆ ಓರೆಗೆರೆ ಸೊಟ್ಟಗಾಗುತ್ತದೆ. ಕನ್ನಡಕ್ಕೆ ಬೇಕಾಗುವುದೋ ಎತ್ತರವೇ.

ಪದವನ್ನು ನಟ್ಟನಡುವೆ, ಅಂದರೆ ಈ ಅಳತೆಯಲ್ಲಿ 80ರಲ್ಲಿ ಇಟ್ಟಿದ್ದೀಯಲ್ಲ, ಅದಕ್ಕೇ ಅದು ಮೂತಿಯ ಕಡೆ ಜಾರಿದ ಹಾಗೆ ಕಾಣುತ್ತಿದೆ. ತುದಿಯಲ್ಲಿ ಮೈ ಕಡಿಮೆ. ಲೆಕ್ಕ ಹಾಕಿದರೆ ಈ ಆಕಾರದ ತೂಕದ ಕೇಂದ್ರ 74ರ ಹತ್ತಿರ ಬರುತ್ತದೆ. ಪದವನ್ನು ಅಲ್ಲಿಗೆ ಹಿಂದಕ್ಕೆ ಸರಿಸು, ಕಣ್ಣಿಗೆ ನೆಮ್ಮದಿ.

ಇನ್ನು ಬೆರಳಿನ ವಿಚಾರ. ಒತ್ತುವ ಜಾಗ ಕನಿಷ್ಠ 44 ಪಾಯಿಂಟ್ ಇರಲಿ ಅನ್ನುತ್ತದೆ ಆಪಲ್, 48 ಡಿಪಿ ಅನ್ನುತ್ತದೆ ಗೂಗಲ್. ಮೂತಿಯ ಮೇಲೆ ಕೆಳಗೆ ಉಳಿಯುವ ಖಾಲಿ ಮೂಲೆ ಇದೆಯಲ್ಲ, ಅಲ್ಲಿ ಒತ್ತಿದರೂ ಬಟನ್ ಓಗೊಡಬೇಕು. ಕಾಣುವುದು ಬಾಣ, ಒತ್ತಿಸಿಕೊಳ್ಳುವುದು ಇಡೀ ಚೌಕಟ್ಟು. ಆಟೋದ ಹ್ಯಾಂಡಲ್ಲಿಗೆ ಸಿಕ್ಕಿಸಿದ ಫೋನಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಒತ್ತುವವರನ್ನು ನೆನೆದುಕೋ. 2022ರ ನವೆಂಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಶುರುವಾದ ‘ನಮ್ಮ ಯಾತ್ರಿ’ ಎಂಬ ಆಟೋ ಆ್ಯಪಿನ ಕೋಡ್ ಎಲ್ಲರಿಗೂ ತೆರೆದಿದೆ. ಬಿಡುವು ಮಾಡಿಕೊಂಡು ಒಮ್ಮೆ ತೆಗೆದು ಓದು, ಚಾಲಕರಿಗೆ ಆ್ಯಪ್ ಕಟ್ಟುವವರ ಕೆಲಸ ಹತ್ತಿರದಿಂದ ಕಾಣುತ್ತದೆ.

ಎಲ್ಲ ಬಟನ್ನಿಗೂ ಬಾಣ ಬೇಡ ತಾಯಿ. ಐಫೋನಿನಲ್ಲಿ ಹಿಂದೆ ಹೋಗುವ ಬಟನ್ನೇ ಬಾಣದ ಆಕಾರದಲ್ಲಿತ್ತು. 2013ರಲ್ಲಿ ಐಒಎಸ್ 7 ಬಂದಾಗ ಆ ಮೈ ಹೋಗಿ, ಮೊನೆಯ ಗೆರೆಯೂ ಪಕ್ಕದ ಪದವೂ ಉಳಿದವು. ನೀನೂ ಹಿಂದಕ್ಕೆ ಹೋಗಲು ಆ ಗೆರೆಯೊಂದನ್ನೇ ಇಡು, ಮೈದುಂಬಿದ ಬಾಣ ಮುಂದಿನ ಹೆಜ್ಜೆಗೆ ಮೀಸಲಿರಲಿ. ‘ಉಳಿಸಿ’ ಎಂಬ ಬಟನ್ನಿಗೆ ಮೂತಿ ಯಾಕೆ? ಅದು ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ.

ಆರ್.ಟಿ. ನಗರದಲ್ಲಿ ನಿನ್ನ ಆ್ಯಪನ್ನು ಉರ್ದುವಿನಲ್ಲಿ ತೆರೆಯುವವರೂ ಇರುತ್ತಾರೆ. ಬಲದಿಂದ ಎಡಕ್ಕೆ ಓದುವವರಿಗೆ ಮುಂದೆ ಎಂದರೆ ಎಡಕ್ಕೆ. ಆಂಡ್ರಾಯ್ಡ್ ಐಕಾನಿನಲ್ಲಿ ಆಟೋಮಿರರ್ಡ್ ಎಂಬುದನ್ನು ಟ್ರೂ ಮಾಡಿದರೆ ಬಾಣ ತಾನೇ ತಿರುಗಿಕೊಳ್ಳುತ್ತದೆ. ನೀನು ಕೋಡಿನಲ್ಲಿ ಬರೆದ ಪಾತನ್ನು ಮಾತ್ರ ನೀನೇ ತಿರುಗಿಸಬೇಕು. ಕಣ್ಣು ಕಾಣದವರಿಗೆ ಟಾಕ್‌ಬ್ಯಾಕ್ ಓದಿ ಹೇಳುವ ಹೆಸರನ್ನೂ ‘ಬಲ ಬಾಣ’ ಎಂದು ಬರೆಯಬೇಡ, ‘ಮುಂದಿನ ಪುಟ’ ಎಂದು ಬರೆ.

ಇಷ್ಟು ತಿದ್ದಿದ ಮೇಲೆ ಕೊಡಿಗೇಹಳ್ಳಿ ಗೇಟ್ ಹತ್ತಿರ ನಿಲ್ಲುವ ಆಟೋದವರ ಕೈಗೆ ಫೋನ್ ಕೊಡು. ಚೆನ್ನಾಗಿದೆಯಾ ಅಂತ ಕೇಳಬೇಡ, ಚೆನ್ನಾಗಿದೆ ಮೇಡಂ ಅಂದುಬಿಡುತ್ತಾರೆ. ‘ಪ್ರಯಾಣ ಮುಗಿಸಿ ತೋರಿಸಿ ಅಣ್ಣ’ ಅಂತ ಹೇಳಿ, ಹೆಬ್ಬೆರಳು ಎಲ್ಲಿಗೆ ಹೋಗಿ ಬೀಳುತ್ತದೆ ನೋಡು.